ಕಾಕಾನ ಪೆಟ್ಟಿಗೆಗೆ ಕೌದಿ ಹೊಚ್ಚಿದವರು

ನಮ್ಮ ಕಾಕಾ ಸತ್ತ ಮೇಲೂ ಮಾತಾಡುತ್ತಾರೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಬದುಕಿರುವಾಗಲೇ ತಾವು ಇಲ್ಲದ ಜಾಗದಿಂದ ಮಾತಾಡುವ ಮನುಷ್ಯ ಸತ್ತ ಮೇಲೆ ಸುಮ್ಮನೆ ಕೂತಾರೆಯೇ? ಗಾಬರಿಯಾಗಬೇಡಿ, ಅವರು ಗಟ್ಟಿಮುಟ್ಟಾಗಿದ್ದಾರೆ. ಖಡಕ್ ರೊಟ್ಟಿ ಕಡಿದು ಅರಗಿಸಿಕೊಳ್ಳುತ್ತಾರೆ, ಹಿತ್ತಲಲ್ಲಿ ಕೂತು ಪಕ್ಕದ ಮನೆಯ ಆಡಿನ ಜೊತೆ ದಿನಾ ಜಗಳ ತೆಗೆಯುತ್ತಾರೆ. ಆದರೂ ಹಿರೇಕೆರೂರಿನ ಅವರ ಮನೆಗೆ ಮಟಮಟ ಮಧ್ಯಾಹ್ನದಲ್ಲಿ ಒಬ್ಬಳೇ ಕಾಲಿಡಬೇಕೆಂದರೆ ನನಗೆ ಇವತ್ತಿಗೂ ಎದೆ ಡವಡವ ಎನ್ನುತ್ತದೆ.

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಹೆಸರು ಬರೆಯುವುದಿಲ್ಲ. ಬರೆದರೆ ಎಲ್ಲಿಂದಲೋ ಓ ಎಂದುಬಿಟ್ಟಾರು!

ನಾನು ಶಿಗ್ಗಾಂವದ ಒಂದು ಕಾಲೇಜಿನಲ್ಲಿ ಪಾಠ ಹೇಳುವವಳು. ರಜೆ ಬಂದರೆ ಹಾನಗಲ್ಲಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಕಾಕಾನ ಮನೆಗೆ ಹೋಗುವುದು ರೂಢಿ. ಹೋದ ವರ್ಷ ಬೇಸಿಗೆಯಲ್ಲಿ ಹಾಗೆ ಹೋದಾಗ ಮುಂಬಾಗಿಲು ಹಾರು ಹೊಡೆದಿತ್ತು. ಒಳಗೆ ಪಡಸಾಲೆಯಲ್ಲಿ ಕತ್ತಲು. ಅದು ಮಾರುದ್ದ ದಪ್ಪದ ಮಣ್ಣಿನ ಗೋಡೆಗಳ ಹಳೇ ಮನೆ. ಮಾಳಿಗೆಯ ಬೆಳಕಿಂಡಿಯಿಂದ ಒಂದು ಹಿಡಿಯಷ್ಟು ಬಿಸಿಲು ನೆಲಕ್ಕೆ ಬಿದ್ದಿರುತ್ತದೆ, ಉಳಿದದ್ದೆಲ್ಲ ನೀವೇ ತಡವರಿಸಿ ತಿಳಿದುಕೊಳ್ಳಬೇಕು. "ಕಾಕೂ" ಎಂದು ಕಾಕಾನ ಹೆಂಡತಿಯನ್ನು ಕೂಗಿದೆ. ಉತ್ತರವಿಲ್ಲ. ಚೀಲ ಇಳಿಸುತ್ತಿದ್ದೆ, ನನ್ನ ಎಡಗಿವಿಯ ಹಿಂದೆಯೇ ಯಾರೋ ದೀರ್ಘವಾಗಿ ಉಸಿರೆಳೆದುಕೊಂಡರು.

ತಿರುಗಿ ನೋಡಿದರೆ ಬರೀ ಗೋಡೆ!

"ಕಾಲ ತೊಳಕೊಂಡ ಬಾರವಾ" ಎಂದಿತು ಆ ಗೋಡೆ. ನಾನು ಎದುರಿನ ಗೋಡೆಗೆ ಬೆನ್ನು ಹಚ್ಚಿ ನಿಂತೆ. "ಬಿಸಲಾಗ ಬಂದಿ, ನೀರ ಕುಡಿ" ಎಂದು ಆ ಗೋಡೆ ಬೆನ್ನಿನೊಳಕ್ಕೇ ಹೇಳಿತು. ಅಡುಗೆ ಮನೆಯಲ್ಲಿ ಯಾರೋ ಸೊರ್ರೆಂದು ಚಹಾ ಹೀರಿದರು. ದೇವರ ಮನೆಯಲ್ಲಿ ದೇವರು ಕೆಮ್ಮಿದ. ಸುಳ್ಳಲ್ಲ, ಗಂಟಲು ಸರಿಮಾಡಿಕೊಂಡು ಕಫ ಕಿತ್ತು ಕೆಮ್ಮಿದ! ನಮ್ಮ ಮನೆದೇವರಿಗೆ ಕೆಮ್ಮಿನ ತೊಂದರೆ ಇದ್ದದ್ದನ್ನು ನಾನಂತೂ ಕೇಳಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ಹಿತ್ತಲ ಬಾಗಿಲಿಗೆ ಓಡಿದೆ.

ಹಿತ್ತಲಲ್ಲಿ ನುಗ್ಗೆ ಮರದ ಕೆಳಗೆ ಬನಿಯನ್ನು ಹಾಕಿಕೊಂಡು ಕಾಕಾ ಚಹಾ ಕುಡಿಯುತ್ತ ಕೂತಿದ್ದರು. ಅಲ್ಲಿಂದ ನೇರಕ್ಕೆ ಮುಂಬಾಗಿಲು ಕಾಣುತ್ತದೆ. ಕೊರಳಲ್ಲಿ ಲಿಂಗದ ಬೆಳ್ಳಿಯ ಕರಡಿಗೆ, ಕರಡಿಗೆಯ ಪಕ್ಕದಲ್ಲೇ ವೈರಿಲ್ಲದ ಒಂದು ಪುಟ್ಟ ಮೈಕು.

"ಹೆದರಿದೇನವಾ?" ಎಂದರು. ಹಿಂದಿನಿಂದ ಇಡೀ ಮನೆ "ಹೆದರಿದೇನವಾ?" ಎಂದಿತು.

"ಹೆದರಲಾರದ ಏನ ಮಾಡ್ಲಿ ಕಾಕಾ? ಒಳಗ ದೇವರು ಕೆಮ್ಮಾಕತ್ತಾನ!"

"ದೇವರಲ್ಲ, ನಾನು. ನಾ ಬೀಡಿ ಬಿಟ್ಟೇನಿ, ಕೆಮ್ಮು ನನ್ನ ಬಿಡವಲ್ದು."

ಕಾಕಾ ಬಹಳ ವರ್ಷ ಮೈಕ್ ಸೆಟ್ ಬಾಡಿಗೆಗೆ ಕೊಡುವ ದಂಧೆ ಮಾಡಿದವರು. ಸುತ್ತಲಿನ ತಾಲೂಕುಗಳಲ್ಲಿ ಅವರ ಭೋಂಗಾ, ಅಂದರೆ ತುತ್ತೂರಿ ಸ್ಪೀಕರು, ಕಟ್ಟದ ಮದುವೆ ಮದುವೆಯೇ ಅಲ್ಲ. ತಾವೇ ಮೈಕು ಹಿಡಿದು "ಎಲ್ಲಾರೂ ಊಟಾ ಮಾಡಿಕೊಂಡ ಹೋಗಬೇಕಂತ ವಿನಂತಿ" ಎಂದು ಕೂಗುತ್ತಿದ್ದರು. ಅವರ ದನಿ ಕೇಳಿ ಉಣ್ಣಲು ಬಂದವರಲ್ಲಿ ಅರ್ಧ ಮಂದಿ ಕರೆಯದೆ ಬಂದವರು ಎಂದು ನಮ್ಮಪ್ಪ ಚೇಷ್ಟೆ ಮಾಡುತ್ತಿದ್ದ. ಈ ಸಡಗರದಲ್ಲಿ ಮನೆಯಲ್ಲಿ ಒಬ್ಬರೇ ಇರುತ್ತಿದ್ದವರು ಕಾಕು. ಮಕ್ಕಳಿಲ್ಲ. ಮಾತು ಕಡಿಮೆ, ನಗು ಜಾಸ್ತಿ.

ಆ ಕಾಕುವಿಗೆ ಕಿವಿ ಹೋಗತೊಡಗಿತು. ಹುಬ್ಬಳ್ಳಿಯ ಕಿವಿ ಡಾಕ್ಟರು ನೋಡಿ, ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಯೂ ಅದೇ ದಾರಿಯಲ್ಲಿದೆ, ಇನ್ನೆಷ್ಟು ದಿನ ಕೇಳುತ್ತದೆಂದು ಹೇಳಲು ಬರುವುದಿಲ್ಲ ಎಂದರಂತೆ. ಕಿವಿಗೆ ಸಿಕ್ಕಿಸುವ ಯಂತ್ರ ತಂದದ್ದೂ ಆಯಿತು. "ಒಳಗ ಸೀಟಿ ಹೊಡೀತೈತಿ. ತಾಟ ಬಿದ್ರ ಸಿಡ್ಲ ಬಡದಂಗ ಆಗತೈತಿ" ಎಂದು ಕಾಕು ಅದನ್ನು ಅರಿಷಿಣದ ಡಬ್ಬಿಯ ಹಿಂದೆ ಇಟ್ಟು ಮರೆತುಬಿಟ್ಟರು. ಕಾಕುವಿನ ತಾಯಿಗೂ ಅಕ್ಕಿಆಲೂರಿನಲ್ಲಿ ಇದೇ ವಯಸ್ಸಿಗೆ ಕಿವಿ ಹೋಗಿತ್ತು, ಇದು ತವರಿನಿಂದ ಬಂದದ್ದು ಎಂದು ಡಾಕ್ಟರು ಎಷ್ಟು ಹೇಳಿದರೂ ಕಾಕಾ ನಂಬಲಿಲ್ಲ. "ನನ್ನ ಭೋಂಗಾನ ಆಕಿ ಕಿವಿ ತಿಂತು" ಎಂದು ಒಂದೇ ಹಟ. ದಂಧೆ ಮುಚ್ಚಿದರು, ಭೋಂಗಾಗಳನ್ನು ಗುಜರಿಗೆ ಹಾಕಿದರು, ಒಂದು ಹೋಮ್ ಥಿಯೇಟರು ತಂದರು.

ಥಿಯೇಟರು ಎಂಬುದು ಹೆಸರಿಗೆ ಮಾತ್ರ. ಆ ಮನೆಯಲ್ಲಿ ಸಿನಿಮಾ ನೋಡಿದವರಿಲ್ಲ. ಅದರ ಜೀವವೆಲ್ಲ ರಿಸೀವರ್ ಎಂಬ ಒಂದು ಕರೀ ಪೆಟ್ಟಿಗೆಯಲ್ಲಿದೆ. ಬಂದ ಸದ್ದನ್ನು ದೊಡ್ಡದು ಮಾಡಿ ಐದು ಸ್ಪೀಕರಿಗೆ ಹಂಚುವುದು ಅದರ ಕೆಲಸ. ಕಾಕಾ ಆ ಸ್ಪೀಕರುಗಳನ್ನು ಕಾಕು ಎಲ್ಲೆಲ್ಲಿ ಕೂರುತ್ತಾರೋ ಅಲ್ಲಲ್ಲಿ ತಲೆಯ ಮಟ್ಟಕ್ಕೆ ಜಡಿದರು. ಒಲೆಯ ಪಕ್ಕ ಒಂದು, ದೇವರ ಮನೆಯಲ್ಲಿ ಒಂದು, ನಡುಮನೆಯಲ್ಲಿ ಒಂದು, ಪಡಸಾಲೆಯಲ್ಲಿ ಎರಡು. ತಾವು ಮೈಕು ಕೊರಳಿಗೆ ಹಾಕಿಕೊಂಡರು. ಅಂದಿನಿಂದ ಆ ಮನೆ ಮಾತಾಡತೊಡಗಿತು. ಬೆಳಗಾದರೆ "ಹಲೋ... ಹಲೋ... ಎದ್ದಿಯೇನ?" ಎಂದು ಗೋಡೆಗಳು ಕೇಳುತ್ತವೆ. ಮಧ್ಯಾಹ್ನ "ರೊಟ್ಟಿ ಆಗ್ಯಾವಂತ, ಎಲ್ಲಾರೂ ಊಟಕ್ಕ ಬರಬೇಕಂತ ವಿನಂತಿ" ಎನ್ನುತ್ತವೆ. ಎಲ್ಲಾರೂ ಎಂದರೆ ಕಾಕಾ ಒಬ್ಬರೇ! ತಾವೇ ಕರೆದುಕೊಂಡು, ತಾವೇ ಎದ್ದು ಬಂದು ಉಣ್ಣುತ್ತಾರೆ. ಮೈಕು ತೆಗೆಯಲು ಮರೆತು ಮಲಗಿದರಂತೂ ಮನೆ ಗೊರಕೆ ಹೊಡೆಯುತ್ತದೆ. ಮನುಷ್ಯ ಹಿತ್ತಲಲ್ಲಿ, ಉಸಿರು ನಿಮ್ಮ ಬೆನ್ನ ಹಿಂದೆ. ಅದನ್ನು ಕೇಳುತ್ತ ಊಟ ಮಾಡಿ ನೋಡಿ, ತುತ್ತು ಇಳಿದರೆ ಹೇಳಿ!

ಇಷ್ಟಾದರೂ ಒಂದು ತೊಡಕಿತ್ತು. ಪೆಟ್ಟಿಗೆ ಬಿಸಿಯಾಗುತ್ತಿತ್ತು. ಕಾಕಾ ಅದನ್ನು ಪಡಸಾಲೆಯ ಗೋಡೆಯೊಳಗಿನ ಕಪಾಟಿನಲ್ಲಿ ಕೂರಿಸಿ ಬಾಗಿಲು ಮುಚ್ಚಿದ್ದರು. ಆ ಜಾತಿಯ ಪೆಟ್ಟಿಗೆಗೆ ನೆತ್ತಿಯ ಮೇಲೆ ಸೀಳುಗಳಿರುತ್ತವೆ, ಒಳಗಿನ ಬಿಸಿ ಅಲ್ಲಿಂದ ಹೊರಗೆ ಹೋಗಬೇಕು. ಹೋಗಲು ದಾರಿ ಸಿಗದಿದ್ದರೆ ತನ್ನ ಜೀವ ಉಳಿಸಿಕೊಳ್ಳಲು ಅದು ತಾನೇ ಆರಿಬಿಡುತ್ತದೆ. 'ಟಕ್' ಎಂದು ಒಂದು ಸಣ್ಣ ಸದ್ದು, ಒಂದು ಕೆಂಪು ಕಣ್ಣು ಮಿಟುಕುತ್ತದೆ, ಅಷ್ಟೇ. ಅರ್ಧ ಮಾತಿನಲ್ಲಿ ಮನೆಯ ಪ್ರಾಣ ಹೋದ ಹಾಗಾಗುತ್ತದೆ. ಆಗ ಕಾಕಾ ಹಿತ್ತಲಿಂದ ಓಡಿ ಬರುತ್ತಿದ್ದರು. ಮೊದಲು ಕಾಕುವಿನ ಬಳಿ ಕೂತು, ಹೆಗಲ ಮೇಲೆ ಕೈಯಿಟ್ಟು, ಬಲಗಿವಿಗೆ ಬಾಯಿ ಹಚ್ಚಿ ಏನಾಯಿತೆಂದು ಹೇಳುತ್ತಿದ್ದರು. ಆಮೇಲೆ ಪೆಟ್ಟಿಗೆಯ ನೆತ್ತಿಗೆ ಅಂಗೈ ಹಿಂಭಾಗ ಇಟ್ಟು "ಜ್ವರ ಬಂದೈತಿ" ಎನ್ನುತ್ತಿದ್ದರು.

ಅಲ್ಲಿಂದ ಶುರುವಾಯಿತು ನೋಡಿ ಗಾಳಿಯ ಹುಚ್ಚು! ಯಾವ ವಸ್ತುವಿಗೇ ಆಗಲಿ ಸುತ್ತಲೂ ನಾಲ್ಕು ಬೆರಳು ಗಾಳಿ ಬಿಡಬೇಕು ಎಂಬುದು ಕಾಕಾನ ಶಾಸನವಾಯಿತು. ಕಪಾಟಿನ ಬಾಗಿಲು ಕಿತ್ತರು. ಮನೆಯ ಟ್ರಂಕು, ಮಂಚ, ಅಕ್ಕಿಯ ಡ್ರಮ್ಮು ಎಲ್ಲ ಗೋಡೆ ಬಿಟ್ಟು ನಾಲ್ಕು ಬೆರಳು ಮುಂದೆ ಬಂದವು. ದೇವರ ಫೋಟೋಗಳ ಹಿಂದೆಯೂ ಮರದ ಚಕ್ಕೆ ತುರುಕಿದರು. ಎಲ್ಲ ದೇವರೂ ಮುಂದಕ್ಕೆ ಬಾಗಿ ನಮ್ಮನ್ನೇ ದಿಟ್ಟಿಸುವಂತಾಯಿತು. ಮೊದಲೇ ಕತ್ತಲ ಮನೆ, ಅದರಲ್ಲಿ ಬಾಗಿ ನೋಡುವ ದೇವರುಗಳು ಬೇರೆ!

ಹುಚ್ಚು ಮನೆಯೊಳಗೇ ಇದ್ದಿದ್ದರೆ ನಡೆಯುತ್ತಿತ್ತು. ಹಾನಗಲ್ಲಿನಲ್ಲಿ ನಮ್ಮ ನೆಂಟರ ಮದುವೆ. ಫೋಟೋಕ್ಕೆ ನಿಂತ ಮದುಮಕ್ಕಳು ಬೆವರುವುದನ್ನು ಕಂಡು ಕಾಕಾ ಹತ್ತಿರ ಹೋಗಿ ಇಬ್ಬರ ನಡುವೆ ಕೈ ತೂರಿಸಿ, "ನಾಕ ಬಟ್ಟ ಬಿಟ್ಟ ನಿಂದ್ರಿ, ಗಾಳಿ ಆಡ್ಲಿ" ಎಂದು ಜರುಗಿಸಿದರು. ಮದುಮಗಳ ಅಜ್ಜಿ ಕುಳಿತಲ್ಲಿಂದಲೇ ಗುಡುಗಿದಳು, "ಏ ತಮ್ಮಾ, ಈಗರ ಗಂಟ ಹಾಕೇವಿ, ಬಿಡಸಾಕ ಬಂದೀಯೇನ ನೀ?"

ಸವಣೂರಿನಲ್ಲಿ ನಡೆದದ್ದು ಮಾತ್ರ ನಗುವ ವಿಷಯವಲ್ಲ. ಅಲ್ಲಿ ನಮ್ಮ ಅತ್ತೆಯ ಮನೆ, ಅಂದರೆ ಕಾಕಾನ ಅಕ್ಕನ ಮನೆ. ಅವರದೂ ಒಂದು ಹೋಮ್ ಥಿಯೇಟರು. ರಿಸೀವರನ್ನು ಗಾಜಿನ ಶೋಕೇಸಿನೊಳಗೆ ಕೂರಿಸಿ, ಅದರ ತಲೆಯ ಮೇಲೆ ಟೀವಿಯ ಡಬ್ಬಿ, ಡಬ್ಬಿಯ ಮೇಲೆ ಅತ್ತೆ ಕೈಯಾರೆ ಹೆಣೆದ ಲೇಸಿನ ಹೊದಿಕೆ, ಅದರ ಮೇಲೆ ಪ್ಲಾಸ್ಟಿಕ್ ಹೂವಿನ ಕುಂಡ. ನಮ್ಮ ಕಡೆಯ ಹೆಂಗಸರಿಗೆ ಯಾವುದೇ ಯಂತ್ರದ ನೆತ್ತಿ ಬತ್ತಲೆ ಕಂಡರೆ ಆಗುವುದಿಲ್ಲ, ಮಿಕ್ಸರಿಗೂ ಲಂಗ ತೊಡಿಸುತ್ತೇವೆ. ಅತ್ತೆಯ ಗಂಡ ಮಾಮಾ ಜೋರಾಗಿ ಕುಸ್ತಿ ಹಚ್ಚಿಕೊಂಡು ನೋಡುತ್ತಿದ್ದರು. ಕಾಕಾ ಒಳಗೆ ಬಂದವರೇ ಶೋಕೇಸಿನ ಗಾಜಿಗೆ ಅಂಗೈ ಹಿಂಭಾಗ ಹಚ್ಚಿ ಕಣ್ಣು ಮುಚ್ಚಿದರು.

"ಅಕ್ಕಾ, ಇದರ ಉಸುರ ಕಟ್ಟೈತಿ. ಇನ್ನ ಭಾಳ ಹೊತ್ತ ಇಲ್ಲ."

ಅವರ ಬಾಯಿಂದ ಮಾತು ಹೊರಬಿತ್ತೋ ಇಲ್ಲವೋ, ಟಕ್! ಪೈಲ್ವಾನ ಎದುರಾಳಿಯನ್ನು ಎತ್ತಿ ಒಗೆದ, ನೆಲಕ್ಕೆ ಬಿದ್ದದ್ದರ ಸದ್ದೇ ಬರಲಿಲ್ಲ. ಮಾಮಾ ರಿಮೋಟು ಕೆಳಗಿಟ್ಟು ಮೆಲ್ಲಗೆ ಕಾಕಾನಿಂದ ದೂರ ಸರಿದು ಕೂತರು. "ನಿನ್ನ ನಾಲಗಿ ಕರೇದೈತೋ" ಎಂದು ಅತ್ತೆ ಉಪ್ಪು ಮೆಣಸಿನಕಾಯಿ ತಂದು ಪೆಟ್ಟಿಗೆಗೆ ದೃಷ್ಟಿ ತೆಗೆದರು. ಗಾಜು ಸರಿಸಿ, ಡಬ್ಬಿ ಇಳಿಸಿದ ಮೇಲೆ ಪೆಟ್ಟಿಗೆ ಮತ್ತೆ ಹಾಡಿತು. ಶ್ರೇಯಸ್ಸು ಹೋದದ್ದು ಮೆಣಸಿನಕಾಯಿಗೆ! ಈಗಲೂ ಸವಣೂರಿನ ಆ ಓಣಿಯಲ್ಲಿ ಕಾಕಾ ಬಂದರೆ ಹೆಂಗಸರು ಫ್ರಿಜ್ಜಿಗೆ ಅಡ್ಡ ನಿಲ್ಲುತ್ತಾರೆ.

ಊರವರ ಪೆಟ್ಟಿಗೆಗಳೆಲ್ಲ ಗುಣವಾದವು, ಕಾಕಾನ ಪೆಟ್ಟಿಗೆಯ ಜ್ವರ ಮಾತ್ರ ಇಳಿಯಲಿಲ್ಲ. ಬಾಗಿಲು ಕಿತ್ತದ್ದಾಯಿತು, ಧೂಳು ಊದಿದ್ದಾಯಿತು, ಸುತ್ತಲೂ ಗಾಳಿ ಬಿಟ್ಟದ್ದಾಯಿತು. ಆದರೂ ಮಧ್ಯಾಹ್ನವಾದರೆ ಟಕ್. ಒಂದು ದಿನ ಪೆಟ್ಟಿಗೆ ಆರಿದಾಗ ಕಾಕಾ ಓಡಿ ಬಂದು ನೋಡಿದರೆ, ಅದರ ಮೇಲೆ ಒಂದು ಕೌದಿ ಹೊಚ್ಚಿತ್ತು. ಸುಮ್ಮನೆ ಒಗೆದದ್ದಲ್ಲ. ಎರಡು ಮಡಿಕೆ ಮಾಡಿ, ಅಂಚುಗಳನ್ನು ಕೆಳಗೆ ಒತ್ತಿ, ಚಳಿಜ್ವರ ಬಂದ ಕೂಸಿಗೆ ಹೊಚ್ಚುವ ಹಾಗೆ ಹೊಚ್ಚಿತ್ತು. ಅದು ನಮ್ಮ ಅಜ್ಜಿಯ ಕೌದಿ. ತನ್ನ ಹಳೇ ಸೀರೆಗಳನ್ನೆಲ್ಲ ಕೂಡಿಸಿ ಅಜ್ಜಿಯೇ ಹೊಲಿದದ್ದು. ಅಜ್ಜಿ ತೀರಿಕೊಂಡ ಮೇಲೆ ಎತ್ತರದ ಗೋಡೆಹಲಗೆಯಾದ ನಾಗಂದಿಗೆಯ ಮೇಲೆ ಮಡಿಚಿಟ್ಟಿದ್ದನ್ನು ಯಾರೂ ಇಳಿಸಿರಲಿಲ್ಲ.

"ನೀ ಹೊಚ್ಚಿದೇನ?" ಎಂದು ಕಾಕಾ ಕಾಕುವಿನ ಕಿವಿಯಲ್ಲಿ ಕೇಳಿದರು.

ಕಾಕು ಹುಣಸೆಹಣ್ಣು ಬಿಡಿಸುತ್ತಿದ್ದರು. "ನಾ ಯಾಕ ಹೊಚ್ಚಲಿ? ನಿಮ್ಮ ಪೆಟಿಗಿ ಸನೇಕ ನಾ ಹೋಗೂದಿಲ್ಲ" ಎಂದರು.

ಕಾಕಾನ ಮುಖ ಬಿಳಿಚಿಕೊಂಡಿತು. ಕಾರಣವಿತ್ತು. ಹರೆಯದಲ್ಲಿ ಅವರು ಮನೆಯಲ್ಲೇ ಮೈಕ್ ಸೆಟ್ ಪರೀಕ್ಷೆ ಮಾಡುವಾಗ ಗದ್ದಲ ತಾಳಲಾರದೆ ಅಜ್ಜಿ ಒಳಗಿನಿಂದ ಕೌದಿ ತಂದು ಯಂತ್ರದ ಮೇಲೆ ಹಾಕುತ್ತಿದ್ದಳಂತೆ. "ಇದರ ಬಾಯಿ ನೀ ಮುಚ್ಚಸ್ತಿಯೋ, ನಾ ಮುಚ್ಚಸ್ಲೋ?" ಎಂದು ಗದರುತ್ತಿದ್ದಳಂತೆ. ಇದೇ ಕೌದಿ!

ಕೌದಿಯನ್ನು ನಾಗಂದಿಗೆಗೆ ಮರಳಿಸಿದರು. ಎರಡು ದಿನ ಬಿಟ್ಟು ಮತ್ತೆ ಪೆಟ್ಟಿಗೆಯ ಮೇಲೆ. ಟ್ರಂಕಿನಲ್ಲಿಟ್ಟು ಕೀಲಿ ಹಾಕಿದರು. ಮತ್ತೆ ಪೆಟ್ಟಿಗೆಯ ಮೇಲೆ! ನಾನು ಮನೆಯಲ್ಲಿದ್ದಾಗಲೇ ಒಮ್ಮೆ ಹೀಗಾಯಿತು. ಕಪಾಟಿನ ಕತ್ತಲಲ್ಲಿ ಉಬ್ಬಿಕೊಂಡು ಕೂತ ಕೌದಿಯನ್ನು ಮುಟ್ಟಿದೆ. ಬೆಚ್ಚಗಿತ್ತು, ಯಾರೋ ಈಗಷ್ಟೇ ಒಳಗಿನಿಂದ ಎದ್ದು ಹೋದ ಹಾಗೆ. ಬಿಸಿಗೆ ಹಳೇ ಬಟ್ಟೆಯೊಳಗಿನ ವಾಸನೆಯೆಲ್ಲ ಮೇಲೆದ್ದಿತ್ತು. ವಿಭೂತಿ, ಎಲೆಯಡಿಕೆ, ಸುಣ್ಣ. ಅದು ಅಜ್ಜಿಯ ವಾಸನೆ. ನಾನು ಓದಿದವಳು, ಇಂಥದ್ದನ್ನೆಲ್ಲ ನಂಬುವವಳಲ್ಲ. ಆದರೆ ಆ ದಿನ ನನ್ನ ಹಾಸಿಗೆಯನ್ನು ಪಡಸಾಲೆಯಿಂದ ನಡುಮನೆಗೆ ಸಾಗಿಸಿದೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಪೆಟ್ಟಿಗೆ ತಣ್ಣಗಾಗಿ ಮತ್ತೆ ಜೀವ ಹಿಡಿಯಿತು. ಹಿತ್ತಲ ಕಟ್ಟೆಯ ಮೇಲೆ ಕೂತು ಕಾಕಾ ಮೈಕಿನೊಳಗೆ ಮಾತಾಡಿದರು. ನಮ್ಮ ಜೊತೆಗಲ್ಲ.

"ಯವ್ವಾ... ಸಿಟ್ಟಾಗಬ್ಯಾಡಬೇ. ಈಗ ನಾ ಹಾಡ ಹಚ್ಚೂದಿಲ್ಲ. ಆಕಿಗೆ ಕೇಳ್ಸಬೇಕಲ್ಲ, ಅಷ್ಟಕ್ಕ. ನೀ ಕೌದಿ ಹೊಚ್ಚಿದ್ರ ಅದಕ್ಕ ಉಸುರ ಕಟ್ಟತೈತಿ. ಅದು ಆರಿದ್ರ ಆಕಿ ಒಬ್ಬಾಕಿನ ಆಗ್ತಾಳ. ಹೊಚ್ಚಬ್ಯಾಡಬೇ ಯವ್ವಾ..."

ಆ ಬೇಡಿಕೆ ಒಲೆಯ ಪಕ್ಕದಿಂದ, ದೇವರ ಮನೆಯಿಂದ, ನಡುಮನೆಯಿಂದ, ಪಡಸಾಲೆಯ ಎರಡೂ ಗೋಡೆಗಳಿಂದ ಒಮ್ಮೆಲೇ ಬಂತು. ಬಾಗಿದ ದೇವರುಗಳು ಕಿವಿಗೊಟ್ಟು ಕೇಳುತ್ತಿದ್ದಂತಿತ್ತು. ಅಡುಗೆ ಮನೆಯಲ್ಲಿ ಕಾಕು ಸೆರಗಿನಿಂದ ಕಣ್ಣೊರೆಸಿಕೊಂಡರು. ಉಳ್ಳಾಗಡ್ಡಿ ಹೆಚ್ಚುತ್ತಿದ್ದರು, ನಾನು ಹೆಚ್ಚು ಯೋಚಿಸಲಿಲ್ಲ.

ಸತ್ತವರ ಜೊತೆ ರಾಜಿಯಾಗದಿದ್ದಾಗ ಕಾಕಾ ನೆಲದೊಳಕ್ಕೆ ಇಳಿದರು. ಪಡಸಾಲೆಯ ಕೆಳಗೆ ಒಂದು ಹಗೇವು ಇದೆ. ಹಿಂದಿನವರು ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಕಣಜ, ಬಾಯಿಗೆ ಕಲ್ಲು ಮುಚ್ಚಿ ಮೇಲೆ ಸಗಣಿ ಸಾರಿಸಿದ್ದು. ಜೋಳ ಚೀಲಕ್ಕೆ ಬಂದಾಗಿನಿಂದ ಅದನ್ನು ಯಾರೂ ತೆರೆದಿರಲಿಲ್ಲ. ಒಳಗೆ ಸದಾ ತಂಪು ಇರುತ್ತದೆ, ಆ ತಂಪನ್ನು ಪೈಪಿನಲ್ಲಿ ಎಳೆದು ಪೆಟ್ಟಿಗೆಗೆ ಬಿಟ್ಟರೆ ಅಜ್ಜಿ ಹತ್ತು ಕೌದಿ ಹೊಚ್ಚಿದರೂ ಜ್ವರ ಬಾರದು ಎಂಬುದು ಕಾಕಾನ ಲೆಕ್ಕ. ಹಗೇವಿನ ಬಾಯಿ ತೆರೆದವರು ತಕ್ಷಣ ಇಳಿಯುವುದಿಲ್ಲ. ಒಳಗಿನ ಗಾಳಿ ಕೆಟ್ಟಿರುತ್ತದೆ, ಇಳಿದವರು ಏಳುವುದಿಲ್ಲ. ಅದಕ್ಕೆ ಮೊದಲು ಹಗ್ಗ ಕಟ್ಟಿ ದೀಪ ಬಿಡುತ್ತಾರೆ. ಕಾಕಾ ಕಂದೀಲು ಬಿಟ್ಟರು. ಬೆಳಕು ಕೆಳಗೆ ಕೆಳಗೆ ಹೋಗಿ, ಒಮ್ಮೆ ನಡುಗಿ, ಯಾರೋ ಊದಿದಂತೆ ಆರಿತು. ಬಾಗಿ ನೋಡುತ್ತಿದ್ದ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಬಾಯಿ ತೆರೆದಿಟ್ಟು ಕೆಲವು ದಿನ ಕಾದ ಮೇಲೆ ದೀಪ ಉರಿಯಿತು. ಆಗ ಕಾಕಾ ಮೇಲಿನಿಂದಲೇ ದಪ್ಪ ಪೈಪು ಇಳಿಬಿಟ್ಟು, ಒಂದು ಪುಟ್ಟ ಫ್ಯಾನು ಕೂರಿಸಿ, ಪೈಪಿನ ಇನ್ನೊಂದು ತುದಿಯನ್ನು ಪೆಟ್ಟಿಗೆಯ ಬುಡಕ್ಕೆ ತಂದರು.

ಆ ಉಪಾಯ ಫಲಿಸಿತು ಎಂದು ಹೇಳಲು ನನಗೆ ಹೊಟ್ಟೆಕಿಚ್ಚಾಗುತ್ತದೆ, ಆದರೆ ಫಲಿಸಿತು! ಪೆಟ್ಟಿಗೆಯ ಮೈ ಬಾವಿಯ ಕಲ್ಲಿನಷ್ಟು ತಣ್ಣಗಾಯಿತು. ಜೊತೆಗೆ ಮನೆಯೇ ಒಂದು ತೆರನಾಗಿ ಉಸಿರಾಡತೊಡಗಿತು. ನೆಲದೊಳಗಿನಿಂದ 'ಹೂಂ' ಎಂಬ ನಾದ, ಹಳೇ ಜೋಳದ ಮುಗ್ಗಲು ವಾಸನೆ. ಪಡಸಾಲೆಯ ಸ್ಪೀಕರಿನ ಸದ್ದು ಪೈಪಿಗೆ ಹೊಕ್ಕು ಹಗೇವಿನೊಳಗೆ ಮೊಳಗಿ ಮೇಲೆ ಬರುತ್ತಿತ್ತು. ಇದೊಂದನ್ನೂ ಅರಿಯದ ಎದುರುಮನೆಯ ಹೆಂಗಸು ಹಾಲಿಗೆ ಹೆಪ್ಪು ಕೇಳಲು ಬಟ್ಟಲು ಹಿಡಿದು ಬಂದಳು. ಹಿತ್ತಲಲ್ಲಿದ್ದ ಕಾಕಾ ಮರ್ಯಾದೆಯಿಂದ "ಬರ್ರಿ ಅಕ್ಕಾರ, ಕುಂದ್ರಿ" ಎಂದರು. ದನಿ ಬಂದದ್ದು ಅವಳ ಕಾಲ ಕೆಳಗಿನಿಂದ. ಬಟ್ಟಲು ಇವತ್ತಿಗೂ ನಮ್ಮ ಮನೆಯಲ್ಲಿದೆ, ಕೇಳಲು ಯಾರೂ ಬಂದಿಲ್ಲ.

ಅದರ ಮರುದಿನ ಮಧ್ಯಾಹ್ನ. ಕಾಕಾ ಪೇಟೆಗೆ ಹೋಗಿದ್ದರು. ನಾನು ಪಡಸಾಲೆಯ ಮೂಲೆಯಲ್ಲಿ ಅಡ್ಡಾಗಿದ್ದೆ. ಹೊರಗೆ ಬಿಸಿಲು ಕುದಿಯುತ್ತಿತ್ತು, ಒಳಗೆ ನೆಲ 'ಹೂಂ' ಎನ್ನುತ್ತಿತ್ತು. ಜೊಂಪು ಹತ್ತಿದ ಕಣ್ಣಿಗೆ ನಡುಮನೆಯ ಬಾಗಿಲಲ್ಲಿ ಏನೋ ಅಲುಗಿದ್ದು ಕಾಣಿಸಿತು. ಕೌದಿ. ಟ್ರಂಕಿನಲ್ಲಿ ಕೀಲಿ ಹಾಕಿಟ್ಟ ಕೌದಿ, ನೆಟ್ಟಗೆ ನಿಂತು, ತಾನೇ ನಡೆದು ಬರುತ್ತಿತ್ತು! ತಲೆಯಿಲ್ಲ, ಕೈಯಿಲ್ಲ. ಹೆಜ್ಜೆಯ ಸದ್ದೂ ಇಲ್ಲ. ಕೌದಿ ಬೆಳಕಿಂಡಿಯ ಬಿಸಿಲನ್ನು ದಾಟಿ ಕಪಾಟಿನತ್ತ ತಿರುಗಿತು. ಆಗ ಅದರ ಕೆಳಗೆ ಎರಡು ಪಾದ ಕಂಡವು. ಬೆಳ್ಳಿಯ ಕಾಲುಂಗುರ, ಹಿಮ್ಮಡಿಯ ಬಿರುಕುಗಳಲ್ಲಿ ಅರಿಷಿಣ.

ಕಾಕು! ಗುಬ್ಬಿಯಂಥ ದೇಹ, ತಲೆಯ ಮೇಲೆ ಹೊತ್ತ ಕೌದಿಯೊಳಗೆ ಪೂರ್ತಿ ಮುಳುಗಿಹೋಗಿದ್ದರು. ಟ್ರಂಕಿನ ಇನ್ನೊಂದು ಕೀಲಿ ಅವರ ಬಳಿಯೇ ಇತ್ತು.

ಅವರು ಕೌದಿಯನ್ನು ಪೆಟ್ಟಿಗೆಗೆ ಹೊಚ್ಚಿ, ಅಂಚು ಒತ್ತಿ, ಎದುರು ಕೂತು ಕಾದರು. ಪೆಟ್ಟಿಗೆ ಆರಲಿಲ್ಲ. ಕೌದಿಯೊಳಗೆ ಕೈ ತೂರಿಸಿ ಮುಟ್ಟಿ ನೋಡಿದರು. ತಣ್ಣಗಿತ್ತು. ಆಗ ಅವರು ಹಣೆಗೆ ಕೈ ಹಚ್ಚಿ ಕೂತ ರೀತಿ ನೋಡಿ ನನ್ನ ಹೆದರಿಕೆಯೆಲ್ಲ ಎಲ್ಲಿ ಹೋಯಿತೋ ತಿಳಿಯದು. ಎದ್ದು ಹತ್ತಿರ ಹೋದೆ. ಬೆಚ್ಚಿಬಿದ್ದು ನನ್ನ ಕೈ ಹಿಡಿದುಕೊಂಡರು.

"ಯಾಕ ಕಾಕೂ?" ಎಂದು ಬಲಗಿವಿಗೆ ಬಾಯಿ ಹಚ್ಚಿ ಕೇಳಿದೆ. "ಕಾಕಾ ನಿಮ್ಮ ಸಲುವಾಗಿ ಇಷ್ಟೆಲ್ಲಾ ಮಾಡಾಕತ್ತಾರ..."

ಕಿವಿ ಹೋದವರಿಗೆ ಪಿಸುಮಾತು ಬರುವುದಿಲ್ಲ. ಕಾಕು ತಮ್ಮ ಗುಟ್ಟನ್ನು ಓಣಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದರು.

"ಯವ್ವಾ, ಅವರು ಹರೇದಾಗ ಮೈಕ್ ಹೊತಗೊಂಡ ಊರ ಮಂದಿಗೆಲ್ಲಾ ಕೂಗಿದ್ರು. ನನ್ನ ಕೂಡ ಕುಂತ ಮಾತಾಡಾಕ ಅವರಿಗೆ ಪುರಸೊತ್ತ ಎಲ್ಲಿತ್ತು? ಕಿವಿ ಹ್ವಾದ ಮ್ಯಾಲ ಬಾಜೂಕ ಕುಂತು, ಹೆಗಲ ಮ್ಯಾಲ ಕೈ ಹಾಕಿ, ಕಿವ್ಯಾಗ ಹೇಳಾಕ ಹತ್ತಿದ್ರು. ಉಪ್ಪ ಕಡಿಮಿ ಆಗೈತಿ ಅನ್ನೂದನ್ನೂ ಕಿವ್ಯಾಗ ಬಂದ ಹೇಳ್ತಿದ್ರು. ನನಗ ಅಷ್ಟ ಸುಖಾ ಯಾವತ್ತೂ ಇರಲಿಲ್ಲ ನೋಡು. ಆಮ್ಯಾಲ ಈ ಪೆಟಿಗಿ ತಂದ್ರು. ತಾವು ಹೋಗಿ ಹಿತ್ತಲದಾಗ ಕುಂತ್ರು."

ಕೌದಿಯ ಅಂಚು ಸವರುತ್ತ ಮತ್ತೆ ಹೇಳಿದರು.

"ಪೆಟಿಗ್ಯಾಗ ಬರೂದು ಊರಿಗೆ ಕೂಗೂ ದನಿ. ನನಗ ಹೇಳೂ ದನಿ ಬ್ಯಾರೆ ಐತಿ. ಇನ್ನ ಈ ಕಿವಿ ಎಷ್ಟ ದಿನಾ ಇರತೈತೋ ಏನೋ. ಇರೂತನಕ ಅದನ್ನ ಕೇಳೂನು ಅಂತ ಮಾಡಿದ್ದೆ. ಪೆಟಿಗಿ ಆರಿದ್ರ ಬರ್ತಿದ್ರು. ಇನ್ನ ಅದು ಆರೂದಿಲ್ಲ."

"ಕಾಕಾಗ ಹೇಳ್ಲೇನು?" ಎಂದು ಕೇಳಿದ್ದಕ್ಕೆ ಕಾಕು ಗಾಬರಿಯ ಮುಖ ಮಾಡಿ ತಲೆಯಲ್ಲಾಡಿಸಿದರು. "ಬ್ಯಾಡವಾ. ಪ್ರೀತೀಲೆ ತಂದಾರ, ನೊಂದ್ಕೋತಾರ" ಎಂದು ಕೌದಿ ಮಡಿಚಿಕೊಂಡು ಒಳಗೆ ಹೋದರು.

ಕಾಕಾ ಪೇಟೆಯಿಂದ ಬಂದವರು ಪೆಟ್ಟಿಗೆಯ ನೆತ್ತಿ ಮುಟ್ಟಿ ನೋಡಿ ಹಿಗ್ಗಿ ಹೀರೇಕಾಯಿಯಾದರು. ಕಾಕು ಅಡುಗೆ ಮನೆಯ ಹೊಸ್ತಿಲ ಮೇಲೆ ಅಕ್ಕಿಯ ಮೊರ ಹಿಡಿದು ಕೂತಿದ್ದರು. ಹಿತ್ತಲಿನ ತಮ್ಮ ಜಾಗಕ್ಕೆ ಹೋಗಿ ಕಾಕಾ ಮೈಕಿನಲ್ಲಿ ಘೋಷಣೆ ಮಾಡಿದರು.

"ಇನ್ನ ಮ್ಯಾಲ ಇದು ಆರೂದಿಲ್ಲ ನೋಡು! ನೀ ಅಡಗಿ ಮನ್ಯಾಗಿರು, ದೇವರ ಮನ್ಯಾಗಿರು, ನಾ ಇಲ್ಲಿಂದ ಏಳೂ ಕೆಲಸಾನ ಇಲ್ಲ!"

ಐದು ಕಡೆಯಿಂದ, ಜೊತೆಗೆ ಕೆಳಗಿನ ಹಗೇವಿನಿಂದ, ಆ ಮಾತು ಕಾಕುವಿನ ಮೇಲೆ ಬಂದು ಬಿತ್ತು. ಕಾಕು ತಲೆ ಎತ್ತದೆ "ಹೂಂ" ಎಂದರು. ಅಕ್ಕಿಯಲ್ಲಿ ಆರಿಸಲು ಕಲ್ಲೇ ಇರಲಿಲ್ಲ, ಆದರೂ ಆರಿಸುತ್ತಿದ್ದರು.

ನಾನು ಎದ್ದು ಪಡಸಾಲೆಗೆ ಹೋದೆ. ಚೀಲದಿಂದ ನನ್ನ ಟವೆಲ್ಲು ತೆಗೆದು ಉಂಡೆ ಮಾಡಿ ಪೆಟ್ಟಿಗೆಯ ಬುಡದಲ್ಲಿದ್ದ ಪೈಪಿನ ಬಾಯಿಗೆ ಗಿಡಿದೆ. 'ಹೂಂ' ಎಂಬ ನಾದ ನಿಂತಿತು. ನೆತ್ತಿಯ ಸೀಳುಗಳ ಮೇಲೆ ನಮ್ಮ ಕಾಲೇಜಿನ ಉತ್ತರ ಪತ್ರಿಕೆಗಳ ಕಟ್ಟು ಇಟ್ಟೆ. ಮಕ್ಕಳು ಬರೆದದ್ದು ಒಮ್ಮೆಯಾದರೂ ಉಪಯೋಗಕ್ಕೆ ಬರಲಿ! ಅಲ್ಲೇ ಗೋಡೆಗೆ ಆತು ಕೂತೆ. ಕಾಕಾ ಪೇಟೆಯ ಸುದ್ದಿಯನ್ನೆಲ್ಲ ಮೈಕಿನಲ್ಲಿ ಹೇಳುತ್ತಲೇ ಇದ್ದರು. ಮನೆ ಅವರ ದನಿಯಲ್ಲಿ ಮಾತಾಡಿತು, ಅವರ ಗಂಟಲಲ್ಲಿ ಕೆಮ್ಮಿತು, ಅವರ ಮೂಗಿನಲ್ಲಿ ಉಸಿರಾಡಿತು. ಬಾಗಿದ ದೇವರುಗಳೂ ನಾನೂ ಕಾದೆವು. ಹೊತ್ತು ಇಳಿಯಿತು. ಪೆಟ್ಟಿಗೆಯ ಮೈ ಬೆಚ್ಚಗಾಯಿತು, ಬಿಸಿಯಾಯಿತು, ಮುಟ್ಟಲಾಗದಂತಾಯಿತು.

ಟಕ್.

ಮನೆ ಅರ್ಧ ಮಾತಿನಲ್ಲಿ ನಿಂತಿತು. ಕಟ್ಟನ್ನೂ ಟವೆಲ್ಲನ್ನೂ ಎಳೆದುಕೊಂಡು ಬೆನ್ನ ಹಿಂದೆ ಮುಚ್ಚಿಟ್ಟೆ. ಹಿತ್ತಲಿಂದ ಓಡಿ ಬರುವ ಹೆಜ್ಜೆಗಳ ಸದ್ದು ಕೇಳಿತು, ಒಂದೇ ಕಡೆಯಿಂದ. ಕಾಕಾ ಪೆಟ್ಟಿಗೆಯತ್ತ ತಿರುಗಿಯೂ ನೋಡಲಿಲ್ಲ. ನೆಟ್ಟಗೆ ಹೊಸ್ತಿಲಿಗೆ ಹೋಗಿ, ಮೊಣಕಾಲು ಹಿಡಿದುಕೊಂಡು ಕಾಕುವಿನ ಬಾಜೂಕ ಕೂತು, ಹೆಗಲ ಮೇಲೆ ಕೈ ಹಾಕಿ, ಬಲಗಿವಿಗೆ ಬಾಯಿ ಹಚ್ಚಿದರು.

"ಹೆದರಬ್ಯಾಡ, ಇಲ್ಲೇ ಅದೇನಿ."

ಕಾಕುವಿನ ಕಣ್ಣು ಮುಚ್ಚಿತ್ತು, ಮುಖವೆಲ್ಲ ನಗುತ್ತಿತ್ತು. ಕೇಳಿಸಿದೆ ಎಂದು ದೂರ ಕೂತ ನನಗೇ ಗೊತ್ತಾಗುತ್ತಿತ್ತು.

"ಏನಂದ್ರಿ?" ಎಂದರು ಕಾಕು.

ಕಾಕಾ ಇನ್ನಷ್ಟು ಹತ್ತಿರ ಸರಿದು, ಮತ್ತೊಮ್ಮೆ ಹೇಳಿದರು.